ನೀರು ಬರುವ ಮೊದಲು ಕ್ಯಾಮೆರಾ ಊರವರ ಕೈಗೆ ಬರಲಿ

ಮಳೆಗಾಲ ಬಂತೆಂದರೆ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಶೆಟ್ಟಿಹಳ್ಳಿ ಚರ್ಚಿನ ಫೋಟೊಗಳು ಎಲ್ಲೆಡೆ ಕಾಣಿಸಿಕೊಳ್ಳುತ್ತವೆ. ಕಮಾನು, ಮೋಡ, ಮದುವೆಯಾಗಲಿರುವ ಜೋಡಿ. ಚೆಂದವೇ ಇವೆ. ಆದರೆ ಭಾನುವಾರದ ಪೂಜೆ ಮುಗಿಸಿ ಆ ಬಾಗಿಲಿನಿಂದ ಹೊರಬರುತ್ತಿದ್ದವರ ಮುಖ, ಸುತ್ತಲಿನ ಮನೆಗಳ ಅಂಗಳ ಇರುವ ಒಂದು ಚಿತ್ರವನ್ನೂ ನಾನು ಇದುವರೆಗೆ ನೋಡಿಲ್ಲ. ಊರು ಮುಳುಗಿದ ಮೇಲೆ ಬರುವ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ. ಮುಳುಗುವ ಮೊದಲು ಅಲ್ಲಿ ಯಾರಿದ್ದರು?

ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಜಪಾನಿನ ಮಸುಯಾಮಾ ತಜುಕೊ ಎಂಬ ಅಜ್ಜಿ ನೆನಪಾಗುತ್ತಾರೆ. ಗಿಫು ಪ್ರಾಂತ್ಯದ ತೊಕುಯಾಮಾ ಎಂಬ ಗುಡ್ಡಗಾಡು ಹಳ್ಳಿಯವರು. ಬೇಸಾಯದ ಜೊತೆಗೆ ಬಂದವರಿಗೆ ಊಟ, ವಸತಿ ಕೊಡುವ ಸಣ್ಣ ಮನೆ ನಡೆಸುತ್ತಿದ್ದರು. ಗಂಡ ಎರಡನೇ ಮಹಾಯುದ್ಧದಲ್ಲಿ ಇಂಫಾಲದ ಕಡೆಯ ಕಾಳಗಕ್ಕೆ ಹೋದವರು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಖಚಿತವಾಗಿ ಬರಲಿಲ್ಲ. ಊರಿಗೆ ಅಣೆಕಟ್ಟೆಯ ಮುಳುಗಡೆ ಖಾತ್ರಿಯಾದಾಗ, ಅವರು ಎಂದಾದರೂ ಹಿಂದಿರುಗಿದರೆ ಊರು ಹೀಗಿತ್ತು ಎಂದು ತೋರಿಸಬೇಕಲ್ಲ ಎಂದುಕೊಂಡು 1977ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಈ ತಾಯಿ ಕ್ಯಾಮೆರಾ ಹಿಡಿದರು. ಬೆಕ್ಕು ಒದ್ದರೂ ಫೋಟೊ ಬೀಳುತ್ತದೆ ಎಂದು ಯಾರೋ ಹೇಳಿಕೊಟ್ಟ, ಫ್ಲ್ಯಾಷ್ ಒಳಗೇ ಇದ್ದ ಪುಟ್ಟ ಕೊನಿಕಾ ಅದು.

ಹಬ್ಬ, ಶಾಲೆಯ ಆಟೋಟ, ಹೊಲದ ಕೆಲಸ, ಹಿಮ, ಮನೆ ಕೆಡವುವ ದಿನ, ಊರು ಬಿಟ್ಟು ಹೊರಟವರು, ಎಲ್ಲವನ್ನೂ ತೆಗೆದರು. 1987ರಲ್ಲಿ ಆ ಗ್ರಾಮಾಡಳಿತವೇ ರದ್ದಾಯಿತು. ಊರು ಬಿಟ್ಟ ಮೇಲೂ ಅವರು ಮತ್ತೆ ಮತ್ತೆ ಅಲ್ಲಿಗೆ ಹೋಗಿ ತೆಗೆಯುತ್ತಲೇ ಇದ್ದರು. 2006ರಲ್ಲಿ ತೀರಿಕೊಂಡಾಗ ಸುಮಾರು ಒಂದು ಲಕ್ಷ ಚಿತ್ರಗಳು, ಆರುನೂರರಷ್ಟು ಆಲ್ಬಂಗಳು ಉಳಿದಿದ್ದವು. ಜಲಾಶಯಕ್ಕೆ ನೀರು ತುಂಬಲು ಶುರುವಾದದ್ದು ಅದೇ ವರ್ಷ, ಅವರು ಹೋದ ಕೆಲವೇ ತಿಂಗಳಿಗೆ. ಈಗ ಅಲ್ಲಿರುವುದು 66 ಕೋಟಿ ಘನ ಮೀಟರ್ ನೀರು ಹಿಡಿಯುವ ಜಲಾಶಯ.

ಆ ಚಿತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಜನರ ನಗು. ಪರಿಚಯದ ಅಜ್ಜಿ ಎದುರು ನಿಂತಾಗ ಮಾತ್ರ ಬರುವ ನಗು ಅದು. ಹೊರಗಿನಿಂದ ಹೋದ ಎಷ್ಟು ದೊಡ್ಡ ಛಾಯಾಗ್ರಾಹಕನಿಗೂ ಅದು ಸಿಗುವುದು ಕಷ್ಟ. ಅವನಿಗೆ ದುಃಖ ಬೇಕು, ಬಿರುಕು ಬಿಟ್ಟ ಗೋಡೆ ಬೇಕು. ಊರಿನವರಿಗೆ ಊರು ಬೇಕು.

ನಮ್ಮಲ್ಲಿ ಲಿಂಗನಮಕ್ಕಿಗೆ ನೀರು ನಿಂತು ಅರುವತ್ತು ವರ್ಷ ದಾಟಿತು. ಶರಾವತಿ ಮುಳುಗಡೆಯ ಕುಟುಂಬಗಳು ಇಂದಿಗೂ ತಾವು ಕೂತ ನೆಲದ ಹಕ್ಕಿಗಾಗಿ ಬೀದಿಗಿಳಿಯುತ್ತಿವೆ. ಆ ಹಿನ್ನೀರು ಇಳಿದಾಗ 1948ರ ಮಡೆನೂರು ಅಣೆಕಟ್ಟೆ ಮೇಲೆದ್ದು ಕಾಣುತ್ತದೆ, ಅದನ್ನು ನೋಡಲು ಜನ ಮುಗಿಬೀಳುತ್ತಾರೆ. ಅಣೆಕಟ್ಟೆಗೆ ಮರಳಿ ಕಾಣುವ ಭಾಗ್ಯವಿದೆ; ಅಡಕೆ ತೋಟಕ್ಕೆ, ಹೆಂಚಿನ ಮನೆಗೆ ಇಲ್ಲ. ಅಂದು ಮಲೆನಾಡಿನ ರೈತನ ಮನೆಯಲ್ಲಿ ಕ್ಯಾಮೆರಾ ಎಲ್ಲಿಂದ ಬರಬೇಕಿತ್ತು?

ಇಂದು ಆ ಮಾತು ಹೇಳುವಂತಿಲ್ಲ. ಆಲಮಟ್ಟಿಯ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಕೃಷ್ಣೆಯ ದಂಡೆಯಲ್ಲಿ ಇನ್ನಷ್ಟು ಹಳ್ಳಿ, ಇನ್ನಷ್ಟು ಎರೆ ಹೊಲ ಹೋಗಲಿವೆ. ಯೋಜನೆ ಬೇಕೇ ಬೇಡವೇ ಎಂಬ ಜಗಳವನ್ನು ಇಲ್ಲಿ ಎತ್ತುತ್ತಿಲ್ಲ. ಬಾಗಲಕೋಟೆ, ವಿಜಯಪುರದ ಆ ಊರುಗಳ ಹುಡುಗ ಹುಡುಗಿಯರಿಗೆ ನನ್ನದೊಂದು ಬೇಡಿಕೆ ಮಾತ್ರ: ಡ್ರೋನ್ ತರುವವರಿಗಾಗಿ ಕಾಯಬೇಡಿ. ನಿಮ್ಮ ಕೈಯಲ್ಲಿರುವ ಮೊಬೈಲೇ ಸಾಕು. ಮಾಳಿಗೆ ಮನೆಯ ಬೆಳಕಿಂಡಿಯಿಂದ ಒಲೆಯ ಮೇಲೆ ಬಿಸಿಲು ಬೀಳುವುದನ್ನು, ಅಜ್ಜಿ ರೊಟ್ಟಿ ಬಡಿಯುವುದನ್ನು, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ತೆಗೆಯಿರಿ. ಪ್ರತಿ ಮನೆಯ ಮುಂದೆ ಆ ಮನೆಯವರನ್ನು ನಿಲ್ಲಿಸಿ ಒಂದು ತೆಗೆಯಿರಿ. ಹೆಸರು, ಹೊಲದ ಹೆಸರು, ತಾರೀಕು ಬರೆದಿಡಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ದೂರದ ಊರಿನ ನೆಂಟರ ಬಳಿ ಇರಲಿ.