ಮೊದಲು ಅವನನ್ನು ಮಾರಿ

ನಮ್ಮ ಮೇಲಿನ ಮನೆಯಲ್ಲಿ ನಾಲ್ಕು ಹುಡುಗರು ಬಾಡಿಗೆಗಿದ್ದಾರೆ. ಒಳ್ಳೆಯ ಹುಡುಗರೇ. ನೀರಿನ ಮೋಟರ್ ಮರೆಯದೆ ಆಫ್ ಮಾಡುತ್ತಾರೆ. ಎದುರಿಗೆ ಸಿಕ್ಕರೆ ‘ಅಂಕಲ್, ಊಟ ಆಯ್ತಾ’ ಅನ್ನುತ್ತಾರೆ. ಆದರೆ ಶನಿವಾರ ರಾತ್ರಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟ ಮುಗಿದ ಮೇಲೆ ನಮ್ಮ ತಾರಸಿಯಲ್ಲಿ ಆಟ ಶುರುವಾಗುತ್ತದೆ. ಮೊನ್ನೆ ಒಂದು ಗಂಟೆ ರಾತ್ರಿಯಲ್ಲಿ ಒಬ್ಬ ಕೂಗುತ್ತಿದ್ದ: ‘ಮೊದಲು ಅವನನ್ನ ಮಾರ್ಬೇಕು ಕಣೋ! ಆಟ ಇದೆ, ಒಪ್ಕೋತೀನಿ. ನಡತೆ ಇಲ್ಲ!’ ಇನ್ನೊಬ್ಬ ಅಷ್ಟೇ ಜೋರಾಗಿ: ‘ಮಾರಿದ್ಮೇಲೆ ಗೋಲು ನಿಮ್ಮ ತಾತ ಹೊಡೀತಾರಾ?’

ನಿದ್ದೆ ಕೆಟ್ಟಿದ್ದಕ್ಕೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಈ ವಯಸ್ಸಿನಲ್ಲಿ ನಿದ್ದೆ ಹೇಗೂ ಅಷ್ಟಕ್ಕಷ್ಟೆ. ಸಿಟ್ಟು ಬಂದಿದ್ದು ಆ ‘ನಡತೆ’ಗೆ. ರಾತ್ರಿ ಒಂದು ಗಂಟೆಗೆ, ಇಡೀ ಬೀದಿಗೆ ಕೇಳುವ ದನಿಯಲ್ಲಿ, ಇನ್ನೊಬ್ಬರ ನಡತೆಯ ಬಗ್ಗೆ ಭಾಷಣ!

ಅವರು ಬೈಯುತ್ತಿದ್ದ, ಬೇರೆ ಕ್ಲಬ್ಬಿಗೆ ಮಾರಿಬಿಡಿ ಅನ್ನುತ್ತಿದ್ದ ಆಟಗಾರ ಯಾರು ಅಂತ ಹೇಳುವುದಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ಆ ಜಾಗದಲ್ಲಿ ಇನ್ನೊಬ್ಬ ಇರುತ್ತಾನೆ. ಹೆಸರು ಬದಲಾಗುತ್ತದೆ, ಬೈಗುಳ ಅದೇ. ಪ್ರತಿ ಕ್ಲಬ್ಬಿಗೂ ಎಲ್ಲ ಕಾಲದಲ್ಲೂ ಇಂಥವನೊಬ್ಬ ಬೇಕು. ಕಾಲಲ್ಲಿ ಚೆಂಡಿದ್ದಾಗ ದೇವರು, ಇಲ್ಲದಾಗ ತಲೆನೋವು. ಇವರ ವಿಷಯದಲ್ಲಿ ಅಭಿಮಾನಿಗಳು ತೀರ್ಪು ಕೊಡುವುದಕ್ಕೆ ಒಂದು ಸೂತ್ರವಿದೆ. ನಾನು ಬಹಳ ಯೋಚಿಸಿ ಕಂಡುಕೊಂಡದ್ದು. ಹೇಳುತ್ತೇನೆ, ಸ್ವಲ್ಪ ತಾಳಿ. ಅದಕ್ಕೆ ಮೊದಲು ಕಾರ್ಲೋಸ್ ಟೆವೆಜ್ ಕಥೆ ಆಗಬೇಕು.

ಅರ್ಜೆಂಟೀನಾದ ಟೆವೆಜ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿದ್ದವನು, 2009ರಲ್ಲಿ ಅದೇ ಊರಿನ ಇನ್ನೊಂದು ಕ್ಲಬ್ಬಿಗೆ, ಅಂದರೆ ಸಿಟಿಗೆ ಹೋದ. ಸಿಟಿಯವರು ಅವನ ಚಿತ್ರ ಹಾಕಿ ‘ಮ್ಯಾಂಚೆಸ್ಟರಿಗೆ ಸ್ವಾಗತ’ ಅಂತ ದೊಡ್ಡ ಬೋರ್ಡು ನಿಲ್ಲಿಸಿದರು. ಎರಡು ವರ್ಷದಿಂದ ಅದೇ ಊರಿನಲ್ಲಿದ್ದವನಿಗೆ ಸ್ವಾಗತ! ಯುನೈಟೆಡ್‌ನವರನ್ನು ಉರಿಸುವುದಕ್ಕೇ ಮಾಡಿದ್ದು, ಅವರೂ ಚೆನ್ನಾಗಿಯೇ ಉರಿದುಕೊಂಡರು. 2010–11ರಲ್ಲಿ ಟೆವೆಜ್ ಲೀಗ್‌ನಲ್ಲಿ 20 ಗೋಲು ಹೊಡೆದ. ಆ ವರ್ಷ ಯಾರೂ ಅದಕ್ಕಿಂತ ಜಾಸ್ತಿ ಹೊಡೆಯಲಿಲ್ಲ. ಕ್ಯಾಪ್ಟನ್ ಆಗಿ ಎಫ್‌ಎ ಕಪ್ ಎತ್ತಿದ. ಸಿಟಿಗೆ 35 ವರ್ಷಗಳ ಮೇಲೆ ಬಂದ ದೊಡ್ಡ ಕಪ್ಪು ಅದು. ಅದರ ಮಧ್ಯದಲ್ಲೇ, 2010ರ ಡಿಸೆಂಬರಿನಲ್ಲಿ, ‘ನನ್ನನ್ನು ಬಿಟ್ಟುಬಿಡಿ’ ಅಂತ ಕ್ಲಬ್ಬಿಗೆ ಬರೆದುಕೊಟ್ಟಿದ್ದ. ಆಮೇಲೆ ವಾಪಸ್ ತೆಗೆದುಕೊಂಡ. ಮನೆಯವರು, ಮಕ್ಕಳು ದೂರ ಇದ್ದಾರೆ ಅನ್ನುವುದು ಅವನ ದುಃಖ. ಅದು ನಿಜವಾದ ದುಃಖವೇ, ನಾನು ತಮಾಷೆ ಮಾಡುವುದಿಲ್ಲ.

ಆದರೆ 2011ರ ಬೇಸಿಗೆಯಲ್ಲಿ ಊರಿಗೆ ಹೋದವನು ಅಲ್ಲಿನ ಟಿವಿಯಲ್ಲಿ ಕೂತು ಒಂದು ಮಾತು ಹೇಳಿದ. ಮ್ಯಾಂಚೆಸ್ಟರಿನಲ್ಲಿ ಮಾಡುವುದಕ್ಕೆ ಏನೂ ಇಲ್ಲ, ಎಲ್ಲ ಚಿಕ್ಕದು, ಯಾವಾಗಲೂ ಮಳೆ, ಇರುವುದು ಎರಡೇ ಹೋಟೆಲು, ರಜಕ್ಕೂ ಅಲ್ಲಿಗೆ ಕಾಲಿಡುವುದಿಲ್ಲ ಅಂತ.

ಮಳೆಯ ಮಾತಿಗೆ ಮ್ಯಾಂಚೆಸ್ಟರಿನವರು ತಕರಾರು ಮಾಡುವ ಹಾಗಿಲ್ಲ. ಆದರೆ ಎರಡೇ ಹೋಟೆಲು? ಆ ಊರಿನ ರಷೋಮ್‌ನಲ್ಲಿ ವಿಲ್ಮ್‌ಸ್ಲೋ ರಸ್ತೆಯ ಉದ್ದಕ್ಕೂ ಪಾಕಿಸ್ತಾನಿ, ಬಾಂಗ್ಲಾ, ಭಾರತದ ಅಡುಗೆಯ ಹೋಟೆಲುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಆ ರಸ್ತೆಗೆ ಕರಿ ಮೈಲ್ ಅಂತಲೇ ಹೆಸರು. ಸಿಟಿಯ ಹಳೆಯ ಮೈದಾನ ಮೇನ್ ರೋಡ್ ಇದ್ದದ್ದು ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಸೋತ ದಿನವೂ ಗೆದ್ದ ದಿನವೂ ಅಲ್ಲೇ ಹೊಟ್ಟೆ ತುಂಬಿಸಿಕೊಂಡ ಅಭಿಮಾನಿಗಳಿಗೆ ಈ ಮಾತು ಹೇಗೆ ಚುಚ್ಚಿರಬೇಡ! ಕ್ಲಬ್ ಬಿಡುತ್ತೇನೆ ಅಂದರೆ ಸಹಿಸಬಹುದು. ಊರಿನ ಊಟಕ್ಕೆ ಹೆಸರಿಟ್ಟರೆ?

ನನಗೆ ಇದು ಅರ್ಥವಾಗುವುದಕ್ಕೆ ಕಾರಣವಿದೆ. ನಾನು ಬೆಳೆದ ಮಲೆನಾಡಿನ ಊರಿನಲ್ಲಿ ನಿಜವಾಗಿಯೂ ಇದ್ದದ್ದು ಎರಡೇ ಹೋಟೆಲು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು, ರಸ್ತೆ ದಾಟಿದರೆ ಇನ್ನೊಂದು. ಮೊದಲನೆಯದರಲ್ಲಿ ದೋಸೆ ಹಾಕುತ್ತಿದ್ದವರನ್ನು ಎಲ್ಲರೂ ಭಟ್ಟರು ಅನ್ನುತ್ತಿದ್ದರು. ಅಂಥ ದೋಸೆಯನ್ನು ನಾನು ಆಮೇಲೆ ತಿಂದಿಲ್ಲ. ಅಂಥ ಸಿಡುಕನ್ನೂ ಕಂಡಿಲ್ಲ. ಎರಡನೇ ಸಲ ಚಟ್ನಿ ಕೇಳಿದರೆ ಸೌಟನ್ನು ಕಾವಲಿಗೆ ಕುಟ್ಟುತ್ತಿದ್ದರು. ‘ಭಟ್ರೇ, ಬಸ್ಸು ಬಂತು, ಬೇಗ ಆಗ್ಲಿ’ ಅಂದರೆ ಮುಗಿಯಿತು. ಒಂದು ಚೊಂಬು ನೀರನ್ನು ಕಾವಲಿಯ ಮೇಲೆ ಚುಂಯ್ ಅನ್ನಿಸಿ, ಹೊರಗೆ ಬಂದು ಮೋರಿಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಯಜಮಾನರು ಬಂದು ಕರೆದರೂ ಏಳುವುದಿಲ್ಲ. ಒಳಗೆ ಹಿಟ್ಟು, ಹೊರಗೆ ಭಟ್ಟರು, ನಡುವೆ ಹಸಿದ ನಾವು.

ಆಗ ಶುರುವಾಗುತ್ತಿತ್ತು ಚರ್ಚೆ. ಅಂಚೆಯಣ್ಣ, ಸೊಸೈಟಿ ಸೆಕ್ರೆಟರಿ, ನಮ್ಮ ಗಣಿತದ ಮೇಷ್ಟ್ರು, ಎಲ್ಲರಿಗೂ ಅಭಿಪ್ರಾಯವಿತ್ತು. ಮೇಷ್ಟ್ರದು ಅತಿ ಕಠಿಣ. ‘ಕೈಗುಣ ಇದ್ರೆ ಏನು ಬಂತು? ಇವರನ್ನ ಬಿಡಿಸ್ಬೇಕು. ಹೋಟ್ಲಿಗಿಂತ ದೊಡ್ಡವರು ಯಾರೂ ಇಲ್ಲ.’ ಸೆಕ್ರೆಟರಿ ಮಾತ್ರ, ‘ಬಿಡಿಸಿ, ನಾಳೆ ಬೆಳಿಗ್ಗೆ ಏನು ತಿಂತೀರಿ ಹೇಳಿ’ ಅನ್ನುತ್ತಿದ್ದರು. ಕೊನೆಗೊಂದು ದಿನ ಜಗಳ ಜೋರಾಗಿ ಭಟ್ಟರು ಊರಿಗೆ ಹೊರಟುಹೋದರು. ಯಜಮಾನರ ಅಕ್ಕನ ಮಗ ಕಾವಲಿಯ ಮುಂದೆ ನಿಂತ. ಎಂಥ ವಿನಯದ ಹುಡುಗ ಅಂತೀರಿ! ಬಂದವರಿಗೆಲ್ಲ ನಮಸ್ಕಾರ. ಕೇಳುವ ಮೊದಲೇ ಚಟ್ನಿ. ಬಸ್ಸು ಬಂದರೆ ಅವನೇ ಕಂಡಕ್ಟರಿಗೆ ‘ಒಂದ್ನಿಮಿಷ’ ಅನ್ನುತ್ತಿದ್ದ. ದೋಸೆ ಮಾತ್ರ ನಡುವೆ ಸೀದು, ಅಂಚಿನಲ್ಲಿ ಹಿಟ್ಟು ಹಿಟ್ಟಾಗಿರುತ್ತಿತ್ತು. ಊರು ಒಂದಷ್ಟು ದಿನ ಅವನ ನಮಸ್ಕಾರ ತಿಂದು ಬದುಕಿತು.

ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಭಟ್ಟರು ವಾಪಸ್ ಬಂದರು. ಯಜಮಾನರು ಹೋಗಿ ಕರೆದರೋ, ಇವರೇ ಬಂದರೋ, ಯಾರೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೇಷ್ಟ್ರು ಹಾಜರ್. ಭಟ್ಟರು ಮೊದಲ ದೋಸೆಯನ್ನು ಅವರ ಮುಂದೆಯೇ ಇಟ್ಟರು. ಮೇಷ್ಟ್ರು ತಲೆ ತಗ್ಗಿಸಿ ತಿಂದರು. ಎರಡನೇ ಸಲ ಚಟ್ನಿ ಕೇಳಲಿಲ್ಲ.

ಟೆವೆಜ್ ವಿಷಯಕ್ಕೆ ಬರೋಣ. 27 ಸೆಪ್ಟೆಂಬರ್ 2011, ಮ್ಯೂನಿಕ್. ಅಲ್ಲಿನ ಬಯರ್ನ್ ಕ್ಲಬ್ ಎದುರು ಯೂರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಆಟ, ಸಿಟಿ 2–0 ಹಿಂದಿದೆ. ಟೆವೆಜ್ ಬೆಂಚಿನಲ್ಲಿ. ಮ್ಯಾನೇಜರ್ ರಾಬರ್ಟೊ ಮಾಂಚಿನಿ ಎದ್ದು ಸಿದ್ಧನಾಗು ಅಂದರು. ಇವನು ಏಳಲಿಲ್ಲ. ಆಡುವುದಕ್ಕೇ ಒಪ್ಪಲಿಲ್ಲ ಅಂತ ಮಾಂಚಿನಿ. ಆಗಲೇ ಒಂದು ಸಲ ಮೈ ಬಿಸಿ ಮಾಡಿಕೊಂಡಿದ್ದೆ, ಮತ್ತೆ ಬೇಡ ಅಂದೆ ಅಷ್ಟೆ, ಆಡುವುದಿಲ್ಲ ಅನ್ನಲಿಲ್ಲ ಅಂತ ಆಮೇಲೆ ಟೆವೆಜ್. ಒಬ್ಬರದು ಇಟಾಲಿಯನ್, ಇನ್ನೊಬ್ಬನದು ಸ್ಪ್ಯಾನಿಷ್, ಇಬ್ಬರದೂ ಇಂಗ್ಲಿಷ್ ಅಲ್ಪಸ್ವಲ್ಪ. ಆ ರಾತ್ರಿಯೇ ಮಾಂಚಿನಿ, ನನ್ನ ಮಾತು ನಡೆದರೆ ಇವನ ಕಥೆ ಇಲ್ಲಿಗೆ ಮುಗಿಯಿತು ಅಂದುಬಿಟ್ಟರು.

ಕ್ಲಬ್ ವಿಚಾರಣೆ ಮಾಡಿ ನಾಲ್ಕು ವಾರದ ಸಂಬಳ ದಂಡ ಹಾಕಿತು. ಆಟಗಾರರ ಸಂಘ ಒಪ್ಪದೆ ಅದು ಎರಡು ವಾರಕ್ಕೆ ಇಳಿಯಿತು. ನವೆಂಬರಿನಲ್ಲಿ ಅವನು ಹೇಳದೆ ಕೇಳದೆ ಅರ್ಜೆಂಟೀನಾಕ್ಕೆ ಹೋಗಿ ಗಾಲ್ಫ್ ಆಡಿಕೊಂಡಿದ್ದ. ಇಂಗ್ಲೆಂಡಿನಲ್ಲಿ ಇವನ ಭವಿಷ್ಯದ ಚರ್ಚೆ, ಅಲ್ಲಿ ಇವನು ಹುಲ್ಲಿನ ಮೇಲೆ ನಿಧಾನಕ್ಕೆ ನಡೆಯುತ್ತಿದ್ದಾನೆ. ಜನವರಿಯಲ್ಲಿ ಇಟಲಿಯ ಎಸಿ ಮಿಲಾನ್ ಕ್ಲಬ್ ಇವನನ್ನು ಕೊಳ್ಳುವುದಕ್ಕೆ ಬಂತು. ಅದಕ್ಕೆ ಮೊದಲು ಅವರ ಆಟಗಾರ ಪಾಟೊ ಪ್ಯಾರಿಸ್ ಕ್ಲಬ್ಬಿಗೆ ಮಾರಾಟವಾಗಬೇಕಿತ್ತು. ಅವನು ಉಳಿದ, ಇದೂ ನಿಂತುಹೋಯಿತು. ಸಂಬಳ, ದಂಡ, ಬೋನಸ್ ಎಲ್ಲ ಸೇರಿ ಅವನು 93 ಲಕ್ಷ ಪೌಂಡ್ ಕಳೆದುಕೊಂಡ ಅಂತ ಪತ್ರಿಕೆಗಳು ಲೆಕ್ಕ ಹಾಕಿದವು. ಫೆಬ್ರವರಿಯಲ್ಲಿ ಇನ್ನೊಂದು ಟಿವಿಯಲ್ಲಿ, ಮಾಂಚಿನಿ ನನ್ನನ್ನು ನಾಯಿಯಂತೆ ನಡೆಸಿಕೊಂಡರು ಅಂದ. ಅದೇ ತಿಂಗಳು ಕ್ಷಮೆಯನ್ನೂ ಕೇಳಿದ.

ಆ ತಿಂಗಳುಗಳಲ್ಲಿ ಸಿಟಿಯ ಅಭಿಮಾನಿಗಳು ಆಡಿದ ಮಾತನ್ನು ನಮ್ಮ ಮೇಲಿನ ಮನೆಯವರು ಇವತ್ತೂ ಆಡುತ್ತಾರೆ. ‘ಕ್ಲಬ್ಬಿಗಿಂತ ಯಾರೂ ದೊಡ್ಡವರಲ್ಲ.’ ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗೆದ್ದ ಸಂಜೆ ಇದನ್ನು ಯಾರಾದರೂ ಹೇಳಿದ್ದು ಕೇಳಿದ್ದೀರಾ? ಹ್ಯಾಟ್ರಿಕ್ ಹೊಡೆದವನ ಬಗ್ಗೆ ‘ಚೆನ್ನಾಗಿ ಆಡಿದ, ಆದರೆ ಬುಧವಾರ ಪ್ರಾಕ್ಟೀಸಿಗೆ ತಡವಾಗಿ ಬಂದಿದ್ದ’ ಅಂತ ಗೊಣಗಿದ ಅಭಿಮಾನಿ ಎಲ್ಲಿದ್ದಾನೆ? ಗೋಲು ನಿಂತ ವಾರದಿಂದಲೇ ನಡತೆ ಕಾಣಿಸುವುದಕ್ಕೆ ಶುರುವಾಗುತ್ತದೆ.

ಇಲ್ಲಿ ನನ್ನ ಭಟ್ಟರು ಕೈಕೊಡುತ್ತಾರೆ. ನಾವು ಸಿಟ್ಟು ಬಂದ ದಿನ ರಸ್ತೆ ದಾಟಿ ಇನ್ನೊಂದು ಹೋಟೆಲಿಗೆ ಹೋಗುತ್ತಿದ್ದೆವು. ಫುಟ್‌ಬಾಲ್ ಅಭಿಮಾನಿಗೆ ಆ ಸೌಲಭ್ಯವಿಲ್ಲ. ಆಟಗಾರ ದಾಟಬಹುದು, ಟೆವೆಜ್ ದಾಟಿದ. ಮ್ಯಾನೇಜರೂ ದಾಟಬಹುದು. ಸಿಟಿಯವನು ಮಾತ್ರ ಸಾಯುವ ತನಕ ಸಿಟಿಯವನೇ. ಮಾರುವುದು ಅವನ ಕೈಯಲ್ಲಿಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಟಿಕೆಟ್ಟಿಗೆ ದುಡ್ಡು ಕೊಡುವುದು, ಮಾತಾಡುವುದು, ಇಷ್ಟೇ ಅವನ ಪಾಲು. ಮಾತಾಡಲಿ ಬಿಡಿ. ಹತ್ತೂವರೆ ತನಕ.

2012ರ ಮಾರ್ಚ್ 21, ಚೆಲ್ಸಿ ಎದುರಿನ ಆಟ. ಸಿಟಿ ಒಂದು ಗೋಲು ಹಿಂದಿದ್ದಾಗ, ಕಥೆ ಮುಗಿಯಿತು ಅಂದ ಮಾಂಚಿನಿಯವರೇ ಟೆವೆಜ್‌ನನ್ನು ಒಳಗೆ ಕಳಿಸಿದರು. ಅವನು ಕೊಟ್ಟ ಪಾಸಿನಲ್ಲಿ ನಾಸ್ರಿ ಗೆಲುವಿನ ಗೋಲು ಹೊಡೆದ. ಏಪ್ರಿಲ್ 14ರಂದು ನಾರಿಚ್ ವಿರುದ್ಧ 6–1. ಟೆವೆಜ್ ಮೂರು ಗೋಲು ಹೊಡೆದು, ಎಲ್ಲರ ಮುಂದೆ ನಿಂತು, ಇಲ್ಲದ ಗಾಲ್ಫ್ ಕೋಲನ್ನು ಬೀಸಿ ತೋರಿಸಿದ. ಎಂಥ ಉದ್ಧಟತನ, ಅಲ್ವಾ? ತಿಂಗಳುಗಟ್ಟಲೆ ಕೆಲಸ ಬಿಟ್ಟು ಆಡಿದ ಆಟವನ್ನೇ ಅಣಕಿಸಿ ತೋರಿಸುವುದು! ಫೆಬ್ರವರಿಯಲ್ಲಿ ಇದನ್ನು ಮಾಡಿದ್ದರೆ ಊರು ಬಿಡಿಸುತ್ತಿದ್ದರು. ಏಪ್ರಿಲಿನಲ್ಲಿ ಅಭಿಮಾನಿಗಳು ನಕ್ಕೂ ನಕ್ಕೂ ಸುಸ್ತಾದರು.

ಅದೇ ಹೊತ್ತಿಗೆ ನಡತೆಗೆಟ್ಟವನ ಜಾಗಕ್ಕೆ ಬೇರೊಬ್ಬ ಬಂದಿದ್ದ. ಸಿಟಿಯದೇ ಆಟಗಾರ ಮಾರಿಯೊ ಬಲೊಟೆಲ್ಲಿ. ಇವನ ಬಚ್ಚಲುಮನೆಯಲ್ಲಿ ಪಟಾಕಿ ಸಿಡಿದು ಮನೆಗೆ ಬೆಂಕಿ ಹತ್ತಿತ್ತು. ಏಪ್ರಿಲ್ 8ರಂದು ಆರ್ಸೆನಲ್ ಎದುರು ಕೆಂಪು ಕಾರ್ಡ್ ತಿಂದು ಹೊರಬಿದ್ದ. ಸಿಟಿ ಸೋತಿತು, ಯುನೈಟೆಡ್‌ಗಿಂತ 8 ಪಾಯಿಂಟ್ ಹಿಂದೆ, ಉಳಿದದ್ದು ಆರೇ ಆಟ. ಇವನನ್ನು ಬಹುಶಃ ಮಾರುತ್ತೇವೆ ಅಂದರು ಮಾಂಚಿನಿ. ಮತ್ತೆ ಅದೇ ಮಾತು.

ಆ ಎಂಟು ಪಾಯಿಂಟ್ ಅಂತರ ಕೊನೆಯ ಆಟದ ಹೊತ್ತಿಗೆ ತುಂಬಿಹೋಗಿತ್ತು. ಮೇ 13, ಕೊನೆಯ ಆಟ. ಎದುರಿಗೆ ಕ್ವೀನ್ಸ್ ಪಾರ್ಕ್ ರೇಂಜರ್ಸ್. 1968ರ ಮೇಲೆ ಸಿಟಿ ಲೀಗ್ ಗೆದ್ದಿರಲಿಲ್ಲ, ಈಗ ಗೆದ್ದರೆ ಕಿರೀಟ. ಸಿಟಿಯ ಹಳೆಯ ಆಟಗಾರ ಜೋಯಿ ಬಾರ್ಟನ್ ಎದುರು ತಂಡದಲ್ಲಿದ್ದ. ಅವನು ಟೆವೆಜ್‌ಗೆ ಮೊಣಕೈಯಿಂದ ತಿವಿದು, ಕೆಂಪು ಕಾರ್ಡ್ ಕಂಡ ಮೇಲೆ ಸಿಟಿಯ ಅಗ್ವೆರೊಗೆ ಒದ್ದು, 12 ಆಟದ ನಿಷೇಧ ಸಂಪಾದಿಸಿದ. ಆ ಗದ್ದಲದಲ್ಲಿ ಸಜ್ಜನನಾಗಿ ಕಂಡವನು ಟೆವೆಜ್! ಆಮೇಲೆ 2–1 ಹಿಂದೆ ಬಿದ್ದ ಸಿಟಿ, 76ನೇ ನಿಮಿಷದಲ್ಲಿ ಆಟಗಾರನನ್ನು ಬದಲಾಯಿಸಿತು. ಹೊರಗೆ ಟೆವೆಜ್, ಒಳಗೆ ಬಲೊಟೆಲ್ಲಿ. ಮುಗಿದವನ ಜಾಗಕ್ಕೆ ಮಾರಬೇಕಾದವನು. ಹೆಚ್ಚುವರಿ ಸಮಯದಲ್ಲಿ ಸಿಟಿಯ ಜೆಕೊ ಸಮ ಮಾಡಿದ. ಗಡಿಯಾರ 93 ನಿಮಿಷ 20 ಸೆಕೆಂಡ್ ತೋರಿಸುವಾಗ, ಎಡವಿ ನೆಲಕ್ಕೆ ಬಿದ್ದಿದ್ದ ಬಲೊಟೆಲ್ಲಿ ಬಿದ್ದಲ್ಲಿಂದಲೇ ದೂಡಿಕೊಟ್ಟ ಚೆಂಡಿಗೆ ಅಗ್ವೆರೊ ಗೋಲು ಹೊಡೆದ. ಎರಡು ತಂಡಕ್ಕೂ 89 ಪಾಯಿಂಟ್, ಗೋಲಿನ ಲೆಕ್ಕದಲ್ಲಿ ಸಿಟಿ ಚಾಂಪಿಯನ್.

ಮುಂದಿನ ವರ್ಷ ಅದೇ ಮೇ 13ರಂದು ಕ್ಲಬ್ಬು ಮಾಂಚಿನಿಯವರನ್ನು ತೆಗೆದುಹಾಕಿತು. ಆಗಿನ್ನೂ ಟೆವೆಜ್ ಸಿಟಿಯಲ್ಲೇ ಇದ್ದ. ಜೂನಿನಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬಿಗೆ ಹೋದ.

ಆ ಸೂತ್ರ ಹೇಳಬೇಕಿತ್ತು. ಆದರೆ ಅದಕ್ಕೆ ಮೊದಲು ಗೆಲುವಿನ ಮಾರನೆಯ ದಿನದ ಮೆರವಣಿಗೆಯದ್ದು ಒಂದು ಉಳಿದಿದೆ. ತೆರೆದ ಬಸ್ಸಿನ ಮೇಲೆ ನಿಂತ ಟೆವೆಜ್ ಒಂದು ರಟ್ಟು ಎತ್ತಿ ಹಿಡಿದ. ಯುನೈಟೆಡ್‌ನ ಮ್ಯಾನೇಜರ್ ಫರ್ಗ್ಯುಸನ್ ಅವರ ‘ಆತ್ಮಕ್ಕೆ ಶಾಂತಿ’ ಅಂತ ಅದರಲ್ಲಿ ಬರೆದಿತ್ತು. ಪಾಪ, ಅವರು ಗಟ್ಟಿಮುಟ್ಟಾಗಿಯೇ ಇದ್ದರು. ಮತ್ತೆ ಗಲಾಟೆ. ಕ್ಲಬ್ಬು ಕ್ಷಮೆ ಕೇಳಿತು, ಟೆವೆಜ್ ಕ್ಷಮೆ ಕೇಳಿದ, ಅವನ ನಡತೆ ಬಗ್ಗೆ ಪತ್ರಿಕೆಗಳು ಮತ್ತೊಮ್ಮೆ ಬರೆದವು. ಆ ರಟ್ಟು ಬಸ್ಸಿನ ಮೇಲೆ ಹುಟ್ಟಿದ್ದಲ್ಲ. ಕೆಳಗೆ ನಿಂತ ಅಭಿಮಾನಿಯೊಬ್ಬ ಅವನಿಗೆ ತಲುಪಿಸಿದ್ದು. ಆ ಅಭಿಮಾನಿಯ ನಡತೆ ಎಂಥದ್ದು, ಅವನನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ, ಮಾರಿದರೆ ಎಷ್ಟು ಸಿಗಬಹುದು ಅಂತ ಯಾವ ತಾರಸಿಯಲ್ಲೂ ಯಾರೂ ಕೂಗಾಡಿದ್ದು ನಾನು ಕೇಳಿಲ್ಲ.