ಐದು ಹೆಸರು, ಒಂದೇ ಬಾಯಿ

ನಿನ್ನೆ ರಾತ್ರಿ ಒಂದೂವರೆಗೆ ಒಂದು ಕಾದಂಬರಿಯ ಕರಡು ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಯಾರದು ಅಂತ ಕೇಳಬೇಡಿ, ಹೇಳಲ್ಲ. ಕರಡು ತಿದ್ದಿ ಅನ್ನ ತಿನ್ನುವವಳು ನಾನು, ಗೊತ್ತಲ್ಲ.

ಬೆನ್ನುಡಿಯಲ್ಲಿ ‘ಬಹುದನಿಯ ಪ್ರಯೋಗ’ ಎಂದಿದೆ. ಐದು ಜನ ಸರದಿಯಲ್ಲಿ ಕಥೆ ಹೇಳುತ್ತಾರೆ. ರಿಟೈರ್ಡ್ ಜಡ್ಜ್, ಅವರ ಹೆಂಡತಿ, ಮನೆಗೆಲಸದವಳು, ಕಲಬುರಗಿ ಕಡೆಯ ಡ್ರೈವರ್, ಎಂಟು ವರ್ಷದ ಮೊಮ್ಮಗ. ಕೇಳೋಕೆ ಚೆಂದ. ಆದರೆ ಐದೂ ಜನರಿಗೆ ‘ಯಾಕೋ ವಿಷಾದ ಆವರಿಸುತ್ತದೆ’! ಎಂಟು ವರ್ಷದ ಹುಡುಗನಿಗೂ. ನನ್ನ ಮಗನಿಗೆ ಆ ವಯಸ್ಸಲ್ಲಿ ಆವರಿಸುತ್ತಿದ್ದದ್ದು ಹಸಿವು ಮಾತ್ರ.

ಅಧ್ಯಾಯದ ಮೇಲಿದ್ದ ಹೆಸರನ್ನು ಹೆಬ್ಬೆರಳಲ್ಲಿ ಮುಚ್ಚಿ, ಮಾತಾಡ್ತಿರೋದು ಯಾರು ಹೇಳು ಅಂತ ಮಗನ ಮುಂದೆ ಹಿಡಿದೆ. ಒಂದು ಪುಟ ಓದಿ "ಕನ್ನಡ ಮೇಷ್ಟ್ರು" ಅಂದ. ಇಡೀ ಕಾದಂಬರಿಯಲ್ಲಿ ಮೇಷ್ಟ್ರೇ ಇಲ್ಲ!

ಫಾಕ್ನರ್‌ನ ‘ಆ್ಯಸ್ ಐ ಲೇ ಡೈಯಿಂಗ್’ ನೆನಪಾಯಿತು. ಅಮೆರಿಕದ ಕಾದಂಬರಿ, 1930ರದ್ದು. ಕಥೆ ಹೇಳುವವರು 15 ಜನ, ಅಧ್ಯಾಯ 59. ತಾಯಿಯ ಹೆಣವನ್ನು ಗಾಡಿಯಲ್ಲಿಟ್ಟು ದೂರದ ಊರಿಗೆ ಮಣ್ಣು ಮಾಡಲು ಹೊರಟ ಬಡ ರೈತ ಕುಟುಂಬ. ಹಿರಿಮಗ ಬಡಗಿ. ಶವಪೆಟ್ಟಿಗೆಯ ಅಂಚನ್ನು ಓರೆಯಾಗಿ ಯಾಕೆ ಕೊಯ್ದೆ ಅಂತ ನಂಬರ್ ಹಾಕಿ 13 ಅಂಶ ಹೇಳುತ್ತಾನೆ. ಅವನ ದುಃಖ ಬರೋದೇ ಹಾಗೆ, ಅಳತೆಪಟ್ಟಿ ಹಿಡಿದು. ಪುಟ್ಟ ತಮ್ಮನ ಒಂದು ಅಧ್ಯಾಯದಲ್ಲಿ ಇರುವುದು ಒಂದೇ ಸಾಲು: ನನ್ನ ಅಮ್ಮ ಒಂದು ಮೀನು. ಅವತ್ತೇ ಅವನು ದೊಡ್ಡ ಮೀನೊಂದನ್ನು ಹಿಡಿದು ಕೊಯ್ದಿದ್ದ, ಅವತ್ತೇ ಅಮ್ಮ ಸತ್ತಿದ್ದಳು. ಅವನ ತಲೆಯಲ್ಲಿ ಎರಡೂ ಕಲಸಿಹೋಗಿವೆ. ಅಲ್ಲೆಲ್ಲಿದೆ ವಿಷಾದ ಅನ್ನೋ ಪದ? ಒಂದೇ ಮನೆ, ಒಂದೇ ಊರಿನ ಮಾತು. ಆದರೂ ಹೆಸರು ಮುಚ್ಚಿದರೆ ಹಿರಿಯ ಯಾರು, ಕಿರಿಯ ಯಾರು ಗೊತ್ತಾಗುತ್ತದೆ.

ನಮ್ಮ ಕರಡಿನ ಡ್ರೈವರ್ ಮಾತ್ರ ಮೊದಲ ಪುಟದಲ್ಲೇ ಆಳಂದದ ಬಿಸಿಲನ್ನು ‘ನಿರ್ಲಿಪ್ತವಾಗಿ’ ನೆನೆಯುತ್ತಾನೆ. ಪುಣ್ಯಾತ್ಮ.

ಆಡುಮಾತು ಜಾಸ್ತಿಯಾದರೆ ಓದುಗರು ಪುಸ್ತಕ ಕೆಳಗಿಡ್ತಾರೆ ಅನ್ನುವವರಿದ್ದಾರೆ. ಇಡಲಿ ಬಿಡಿ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗಲೂ ಅರ್ಥ ಆಗಲ್ಲ ಅಂತ ಗೊಣಗಿದವರಿಗೆ ಕೊರತೆ ಇರಲಿಲ್ಲ. ಎಂಬತ್ತರ ದಶಕದ ಪುಸ್ತಕ, ನಂಜನಗೂಡು ಸೀಮೆಯ ಮಾತು, ನಡುರಾತ್ರಿ ಕೂತು ಹರಟುವ ಜೋತಮ್ಮಗಳು, ಅಂದರೆ ಮನೆಮನೆಯ ದೀಪಗಳು. ಇವತ್ತಿಗೂ ಓದುತ್ತಿದ್ದೇವೆ, ಅಲ್ವಾ? ನಾನೇ ಮೊದಲ ಸಲ ಮೂವತ್ತು ಪುಟಕ್ಕೆ ಕೈಬಿಟ್ಟಿದ್ದೆ. ಆಮೇಲೆ ಜೋರಾಗಿ ಓದಿದೆ, ದಾರಿ ಸಿಕ್ಕಿತು.

ಈಗ ಹೇಳಲೇಬೇಕಾದ್ದು. ಇದೇ ಲೇಖಕರ ಮೊದಲ ಪುಸ್ತಕವನ್ನು ತಿದ್ದಿದ್ದೂ ನಾನೇ. ಅದರಲ್ಲಿ ‘ಹೊಂಟೀನಿ’ ಇತ್ತು, ‘ಹಾಂಗಂದ್ರ ಹೆಂಗ’ ಇತ್ತು. ಎಲ್ಲವನ್ನೂ ನೀಟಾಗಿ ‘ಹೊರಟಿದ್ದೇನೆ’ ಮಾಡಿ ಕಳಿಸಿದ್ದೆ. ಥ್ಯಾಂಕ್ಸ್ ಹೇಳಿದರು ಪಾಪ, ಮುನ್ನುಡಿಯಲ್ಲಿ ನನ್ನ ಹೆಸರೂ ಹಾಕಿದರು. ನಾನು ಹುಬ್ಬಳ್ಳಿಯವಳು, ನಿಮಗೆ ಗೊತ್ತು. ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ‘ಹೌದ್ರೀ’ಗೆ ಆಫೀಸಿನಲ್ಲಿ ನಕ್ಕಿದ್ದರು. ಆರು ತಿಂಗಳಲ್ಲಿ ಬಾಯಿ ತೊಳೆದುಕೊಂಡೆ. ಆಮೇಲೆ ಕಂಡವರ ಬಾಯನ್ನೂ ತೊಳೆಯತೊಡಗಿದೆ. ಸುಮ್ನೆ ಆ ಲೇಖಕರ ಮೇಲೆ ಹರಿಹಾಯ್ದರೆ ಹೇಗೆ?

ನಿನ್ನೆ 143ನೇ ಪುಟದಲ್ಲಿ, ಅದೊಂದೇ ಕಡೆ, ಡ್ರೈವರ್ ಬಾಯಿಂದ ‘ಬರ್ಲಾಕತ್ತೀನ್ರೀ ಸಾಹೇಬ್ರ’ ಅಂತ ಬಂದುಬಿಟ್ಟಿತ್ತು. ನನ್ನ ಕೆಂಪು ಪೆನ್ನು ಅಭ್ಯಾಸಬಲದಿಂದ ಅರ್ಧ ಪದ ಹೊಡೆದೂ ಆಗಿತ್ತು. ನಿಲ್ಲಿಸಿದೆ. ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಪಕ್ಕದಲ್ಲಿ ‘ಇದು ಹೀಂಗ ಇರ್ಲಿ’ ಅಂತ ಬರೆದೆ.