ಸ್ಟೆಯಾವಾದ 1985-86ರ ಋತುವನ್ನು ತೂಗುವ ಬಗೆ

ಮೇ ತಿಂಗಳು ಬಂದು ಯುರೋಪಿನ ಕ್ಲಬ್ ಫುಟ್‌ಬಾಲ್‌ನ ಫೈನಲ್ ಹತ್ತಿರವಾದಾಗಲೆಲ್ಲ ನಾನು ಒಂದು ಹಳೆಯ ಪಂದ್ಯದ ದೃಶ್ಯಗಳನ್ನು ಮತ್ತೊಮ್ಮೆ ನೋಡುತ್ತೇನೆ. ಅದು 1986ರ ಮೇ 7ರಂದು ಸ್ಪೇನಿನ ಸೆವಿಲ್ಲಾ ನಗರದಲ್ಲಿ ರೊಮೇನಿಯಾದ ಸ್ಟೆಯಾವಾ ಬುಕಾರೆಸ್ಟ್ ತಂಡಕ್ಕೂ ಬಾರ್ಸಿಲೋನಾಕ್ಕೂ ನಡೆದ, ಪೆನಾಲ್ಟಿಗಳಲ್ಲಿ ಸ್ಟೆಯಾವಾ ಗೆದ್ದ ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಫೈನಲ್. ಈ ಪಂದ್ಯದ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಅದು ಒಬ್ಬ ಗೋಲ್‌ಕೀಪರ್‌ನ ಪವಾಡ ಎನ್ನುವುದು ಒಂದು. ಸರ್ವಾಧಿಕಾರಿಯ ಕೃಪೆಯಲ್ಲಿ ಬೆಳೆದ ಸೇನೆಯ ತಂಡಕ್ಕೆ ಒದಗಿದ ಅದೃಷ್ಟ ಎನ್ನುವುದು ಇನ್ನೊಂದು. ಈ ಎರಡೂ ಆ ಆಟಗಾರರಿಗೆ ಮಾಡುವ ಅನ್ಯಾಯ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಅಧಿಕಾರದ ವಿಷಯವನ್ನೇ ನೋಡೋಣ, ಏಕೆಂದರೆ ಅದನ್ನು ಮುಚ್ಚಿಟ್ಟು ಈ ತಂಡವನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ. ಸ್ಟೆಯಾವಾ ಎಂದರೆ ರೊಮೇನಿಯನ್ ಭಾಷೆಯಲ್ಲಿ ನಕ್ಷತ್ರ. 1947ರಲ್ಲಿ ಹುಟ್ಟಿದ ಈ ಕ್ಲಬ್ಬು ರಕ್ಷಣಾ ಸಚಿವಾಲಯಕ್ಕೆ ಸೇರಿತ್ತು. ಅದರ ಎದುರಾಳಿಯಾದ ಡಿನಾಮೊ ಗೃಹ ಸಚಿವಾಲಯದ್ದಾಗಿತ್ತು. ದೇಶದ ಅಧ್ಯಕ್ಷ ನಿಕೊಲಾಯ್ ಚೌಸೆಸ್ಕುವಿನ ಮಗ ವ್ಯಾಲೆಂಟಿನ್ ಎಂಬತ್ತರ ದಶಕದಲ್ಲಿ ಸ್ಟೆಯಾವಾದ ಬೆನ್ನಿಗೆ ನಿಂತಿದ್ದ. ಸ್ಪೋರ್ಟುಲ್ ಸ್ಟುಡೆಂಟ್ಸೆಸ್ಕ್ ತಂಡದಲ್ಲಿ ಆಡುತ್ತಿದ್ದ, 1985-86ರ ಲೀಗಿನಲ್ಲಿ 31 ಗೋಲು ಹೊಡೆದಿದ್ದ ಗೆಯೊರ್ಗೆ ಹಾಜಿಯನ್ನು 1987ರಲ್ಲಿ ನಡೆದ ಯುರೋಪಿಯನ್ ಸೂಪರ್ ಕಪ್ ಪಂದ್ಯವೊಂದಕ್ಕೆಂದು ಕರೆತಂದರು. ಸೋವಿಯತ್ ಒಕ್ಕೂಟದ ಡೈನಮೊ ಕೀವ್ ವಿರುದ್ಧ ಆತನ ಫ್ರೀ ಕಿಕ್ಕಿನಿಂದಲೇ 1-0ರಲ್ಲಿ ಗೆದ್ದ ಮೇಲೆ ಆತ ಹಳೆಯ ತಂಡಕ್ಕೆ ಮರಳಲೇ ಇಲ್ಲ. ಇಂತಹ ಬಲ ಬೇರೆ ಕ್ಲಬ್ಬುಗಳಿಗೆ ಎಲ್ಲಿತ್ತು? 1986ರಿಂದ 1989ರವರೆಗೆ ಸ್ಟೆಯಾವಾ ಲೀಗಿನ ಸತತ 104 ಪಂದ್ಯಗಳಲ್ಲಿ ಸೋಲು ಕಾಣಲಿಲ್ಲ ಎಂಬ ದಾಖಲೆಯನ್ನು ನಾನು ಸಂಭ್ರಮದಿಂದಲ್ಲ, ಸಂಕೋಚದಿಂದಲೇ ಓದುತ್ತೇನೆ.

ಆದರೆ 1985-86ರ ಋತುವನ್ನು ಅದೇ ತಕ್ಕಡಿಯಲ್ಲಿ ತೂಗಲಾಗದು. ಆ ವರ್ಷ ಸ್ಟೆಯಾವಾ ಸತತ ಎರಡನೇ ಬಾರಿ ಲೀಗ್ ಪ್ರಶಸ್ತಿಯನ್ನು ಗೆದ್ದಿತು, ನಿಜ. ಆದರೆ ರೊಮೇನಿಯಾ ಕಪ್‌ನ ಫೈನಲ್‌ನಲ್ಲಿ ಡಿನಾಮೊ ಎದುರು 1-0ರಲ್ಲಿ ಸೋತಿತು. ಯುರೋಪಿನ ಚಾಂಪಿಯನ್ ತಂಡವು ತನ್ನದೇ ಊರಿನ ಎದುರಾಳಿಗೆ ಕಪ್ ಬಿಟ್ಟುಕೊಟ್ಟ ಋತುವದು. ದೇಶದೊಳಗೆ ಎಲ್ಲವೂ ಮೊದಲೇ ನಿರ್ಧಾರವಾಗಿತ್ತು ಎನ್ನುವವರು ಈ ಒಂದು ಸಂಗತಿಯನ್ನಾದರೂ ಗಮನಿಸಬೇಕು. ಅದಕ್ಕಿಂತ ಮುಖ್ಯವಾಗಿ, ಗಡಿ ದಾಟಿದ ಮೇಲೆ ಅಧ್ಯಕ್ಷನ ಮಗನ ಮಾತಿಗೆ ಬೆಲೆಯಿರಲಿಲ್ಲ. ಸೆವಿಲ್ಲಾದ ಫೈನಲ್‌ನಲ್ಲಿ ಸೀಟಿ ಊದಿದವರು ಫ್ರಾನ್ಸಿನ ಮಿಶೆಲ್ ವೋಟ್ರೊ, ಕ್ರೀಡಾಂಗಣದಲ್ಲಿ ತುಂಬಿದ್ದ ಹತ್ತಾರು ಸಾವಿರ ಜನರಲ್ಲಿ ಬಹುಪಾಲು ಬಾರ್ಸಿಲೋನಾದ ಅಭಿಮಾನಿಗಳು.

ಅಲ್ಲಿಗೆ ತಲುಪಿದ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ತಂಡದ ನಿಜವಾದ ಗುಣ ಕಾಣುವುದು ಅಲ್ಲಿಯೇ. ಫೈನಲ್‌ಗೆ ಮುಂಚಿನ ಪ್ರತಿ ಸುತ್ತಿನಲ್ಲೂ ಎರಡೂ ತಂಡಗಳ ಊರಿನಲ್ಲಿ ಒಂದೊಂದು ಪಂದ್ಯ, ಎರಡರ ಒಟ್ಟು ಗೋಲುಗಳ ಮೇಲೆ ತೀರ್ಮಾನ. ಮೊದಲ ಸುತ್ತಿನಲ್ಲಿ ಡೆನ್ಮಾರ್ಕಿನ ವೈಲ ತಂಡದೊಂದಿಗೆ 1-1ರ ಸಮಬಲ, ಆಮೇಲೆ ಬುಕಾರೆಸ್ಟ್‌ನಲ್ಲಿ 4-1ರ ಗೆಲುವು. ಎರಡನೇ ಸುತ್ತಿನಲ್ಲಿ ಹಂಗೇರಿಯ ಹೊನ್ವೇಡ್ ಎದುರು ಬುಡಾಪೆಸ್ಟ್‌ನಲ್ಲಿ 1-0ರ ಸೋಲು, ತವರಿನಲ್ಲಿ 4-1ರ ಗೆಲುವು. ಕ್ವಾರ್ಟರ್ ಫೈನಲ್‌ನಲ್ಲಿ ಫಿನ್‌ಲೆಂಡಿನ ಕೂಸಿಸಿ ಲಾಹ್ತಿ ತಂಡವು ಬುಕಾರೆಸ್ಟ್‌ನಲ್ಲಿ ಗೋಲಿಲ್ಲದ ಸಮಬಲ ಸಾಧಿಸಿ ಹೆದರಿಸಿತು. ಎರಡನೇ ಪಂದ್ಯದ ಕೊನೆಯ ನಿಮಿಷಗಳಲ್ಲಿ ವಿಕ್ಟರ್ ಪಿತ್ಸುರ್ಕಾ ಹೊಡೆದ ಒಂದೇ ಗೋಲು ತಂಡವನ್ನು ಉಳಿಸಿತು. ಸೆಮಿಫೈನಲ್‌ನ ಎದುರಾಳಿ ಬೆಲ್ಜಿಯಂನ ಆಂಡರ್ಲೆಕ್ಟ್, ಅಂದರೆ ಅದೇ ಋತುವಿನಲ್ಲಿ ಬಯರ್ನ್ ಮ್ಯೂನಿಕ್ ತಂಡವನ್ನು ಹೊರಗಟ್ಟಿದ್ದ ತಂಡ. ಬ್ರಸೆಲ್ಸ್‌ನಲ್ಲಿ ಮತ್ತೆ 1-0ರ ಸೋಲು. ಬುಕಾರೆಸ್ಟ್‌ನಲ್ಲಿ ಪಿತ್ಸುರ್ಕಾನ ಎರಡು ಗೋಲು, ಬಾಲಿಂಟ್‌ನ ಒಂದು ಗೋಲು, 3-0ರ ಗೆಲುವು. ಫೈನಲ್ ಸೇರಿದಂತೆ ಒಂಬತ್ತು ಪಂದ್ಯಗಳಲ್ಲಿ ಈ ತಂಡ ಬಿಟ್ಟುಕೊಟ್ಟದ್ದು ಕೇವಲ ಐದು ಗೋಲು. ಮೊದಲ ಪಂದ್ಯದಲ್ಲಿ ಸೋತು ಎರಡು ಬಾರಿ ಹಿಂದಿರುಗಿ ಬಂದವರನ್ನು, ಎದುರಾಳಿಯ ಊರಿನಲ್ಲಿ ಒಂದು ಗೋಲಿಗಿಂತ ಹೆಚ್ಚು ಎಂದೂ ಬಿಟ್ಟುಕೊಡದವರನ್ನು ಅದೃಷ್ಟವಂತರು ಎಂದು ಕರೆದು ಮುಗಿಸುವುದು ನನಗೆ ಒಪ್ಪಿಗೆಯಾಗದು.

ಫೈನಲ್‌ನಲ್ಲಿ ತಂಡ ನಿಧಾನವಾಗಿ ಆಡಿತು, ನೋಡಲು ನೀರಸವಾಗಿತ್ತು ಎಂಬ ಆಕ್ಷೇಪವನ್ನು ನಾನು ಬಹಳ ಕೇಳಿದ್ದೇನೆ. ಗೋಲಿಲ್ಲದ 120 ನಿಮಿಷಗಳನ್ನು ಪೂರ್ತಿ ಕುಳಿತು ನೋಡಿದ ಮೇಲೆ ನನಗೆ ಕಂಡದ್ದು ಬೇರೆ. ತರಬೇತುದಾರ ಎಮೆರಿಕ್ ಯೆನೇಯಿಯವರ ತಂಡವು ಚೆಂಡನ್ನು ಗಾಬರಿಯಿಂದ ದೂರಕ್ಕೆ ಒದೆಯಲಿಲ್ಲ. ಚಿಕ್ಕ ಚಿಕ್ಕ ಪಾಸುಗಳಲ್ಲಿ ತನ್ನವರ ಕಾಲಲ್ಲೇ ಇಟ್ಟುಕೊಂಡು ಬಾರ್ಸಿಲೋನಾದ ತಾಳ್ಮೆಯನ್ನು ಸವೆಸಿತು. ನಾಯಕ ಟುಡೊರೆಲ್ ಸ್ಟೊಯ್ಕಾ ಅಮಾನತಿನಿಂದಾಗಿ ಆಡುವಂತಿರಲಿಲ್ಲ. ಆ ಕೊರತೆಯನ್ನು ತುಂಬಲು ಯೆನೇಯಿ ಎರಡನೇ ಅವಧಿಯಲ್ಲಿ ಕಣಕ್ಕಿಳಿಸಿದ್ದು ಸಹಾಯಕ ತರಬೇತುದಾರ ಆಂಗೆಲ್ ಯೊರ್ಡನೆಸ್ಕು ಅವರನ್ನು. ಅವರಿಗೆ 36 ವರ್ಷ ತುಂಬಿ ಮೂರೇ ದಿನಗಳಾಗಿದ್ದವು. ಕಾಲಿನ ವೇಗ ಕುಂದಿದ ಆ ವಯಸ್ಸಿನಲ್ಲಿ ಅವರು ಆಟದ ವೇಗವನ್ನೇ ತಮಗೆ ಬೇಕಾದಷ್ಟಕ್ಕೆ ಇಳಿಸಿದ್ದನ್ನು ನೋಡಿದಾಗಲೆಲ್ಲ ನನಗೆ ಅಪಾರ ಗೌರವ ಮೂಡುತ್ತದೆ. ಎದುರು ಬದಿಯಲ್ಲಿ ಬಾರ್ಸಿಲೋನಾದ ತರಬೇತುದಾರ ಟೆರಿ ವೆನೆಬಲ್ಸ್ 85ನೇ ನಿಮಿಷದಲ್ಲಿ ತಮ್ಮ ಅತಿ ದೊಡ್ಡ ಆಟಗಾರ ಬೆರ್ನ್ಡ್ ಶುಸ್ಟರ್‌ನನ್ನು ಹೊರಕ್ಕೆ ಕರೆದರು, ಆತ ಸಿಟ್ಟಿನಿಂದ ಕ್ರೀಡಾಂಗಣವನ್ನೇ ಬಿಟ್ಟು ಹೋದ.

ಆ ಮೇಲಿನ ಪೆನಾಲ್ಟಿಗಳ ಕಥೆ ಎಲ್ಲರಿಗೂ ಗೊತ್ತಿದೆ. ಸ್ಟೆಯಾವಾದ ಮೊದಲ ಎರಡು ಒದೆತಗಳನ್ನು, ಅಂದರೆ ಮಜಾರು ಮತ್ತು ಬೊಲೊನಿಯವರದನ್ನು, ಬಾರ್ಸಿಲೋನಾದ ಗೋಲ್‌ಕೀಪರ್ ಉರುಟಿ ತಡೆದರು. ಸ್ಟೆಯಾವಾದ ಗೋಲ್‌ಕೀಪರ್ ಹೆಲ್ಮುತ್ ಡುಕಾಡಾಮ್ ಬಾರ್ಸಿಲೋನಾದ ಅಲೆಕ್ಸಾಂಕೊ, ಪೆದ್ರಾಸಾ, ಪಿಚಿ ಅಲೊನ್ಸೊ ಮೂವರ ಹೊಡೆತಗಳನ್ನೂ ತಮ್ಮ ಬಲಕ್ಕೆ ಹಾರಿ ತಡೆದರು. ನಡುವೆ ಲಕತೂಶ್, ಬಾಲಿಂಟ್ ಇಬ್ಬರೂ ಗೋಲು ಹೊಡೆದರು. ನಾಲ್ಕನೆಯ ಮಾರ್ಕೋಸ್ ಚೆಂಡನ್ನು ಎಡಕ್ಕೆ ಒದ್ದಾಗ ಡುಕಾಡಾಮ್ ಅಷ್ಟರಲ್ಲೇ ಎಡಕ್ಕೆ ಹಾರಿದ್ದರು. ನಾಲ್ಕಕ್ಕೆ ನಾಲ್ಕು. ಪವಾಡ ಎಂಬ ಮಾತನ್ನು ನಾನು ಒಪ್ಪದಿರುವುದು ಇಲ್ಲಿಯೇ: ಮೂರು ಬಾರಿ ಬಲಕ್ಕೆ ಹೋದ ಗೋಲ್‌ಕೀಪರ್ ನಾಲ್ಕನೆಯ ಬಾರಿ ದಿಕ್ಕು ಬದಲಿಸಬೇಕಾದರೆ ಎದುರಿಗೆ ನಿಂತವನ ಮನಸ್ಸನ್ನು ಓದಿರಬೇಕು.

ಈ ತಂಡದಲ್ಲಿ ನನ್ನನ್ನು ಹೆಚ್ಚು ಸೆಳೆಯುವ ಸಂಗತಿ ಇನ್ನೊಂದಿದೆ. ಹೊರದೇಶದ ಒಬ್ಬ ಆಟಗಾರನೂ ಇರಲಿಲ್ಲ, ಎಲ್ಲರೂ ರೊಮೇನಿಯಾದವರೇ. ಆದರೆ ಅವರೆಲ್ಲರ ತಾಯ್ನುಡಿ ಒಂದೇ ಆಗಿರಲಿಲ್ಲ. ಡುಕಾಡಾಮ್ ಅರಾದ್ ಪ್ರಾಂತ್ಯದ ಸೆಮ್ಲಾಕ್ ಎಂಬ ಹಳ್ಳಿಯ ಜರ್ಮನ್ ಮೂಲದವರು. ಯೆನೇಯಿ ಮತ್ತು ಬೊಲೊನಿ ಹಂಗೇರಿಯನ್ ಮೂಲದವರು. ಬೊಲೊನಿಯಂತೂ ದಂತವೈದ್ಯಕೀಯ ಓದಿದವರು. ರಕ್ಷಣಾ ಸಾಲಿನ ಬೆಲೊಡೆಡಿಚ್ ಸರ್ಬಿಯನ್ ಮೂಲದವರು. ಒಂದೇ ಜನಾಂಗ, ಒಂದೇ ನಾಡು ಎಂದು ಸಾರುತ್ತಿದ್ದ ಆಡಳಿತಕ್ಕೆ ಅತಿ ದೊಡ್ಡ ಕೀರ್ತಿ ತಂದದ್ದು ಇಂತಹ ತಂಡ. ವಿದೇಶಿ ಸಾಲ ತೀರಿಸುವ ಹಟದಲ್ಲಿ ಆ ಆಡಳಿತ ಜನರ ಊಟಕ್ಕೆ ಪಡಿತರ ವಿಧಿಸಿ, ಚಳಿಗಾಲದಲ್ಲಿ ಮನೆಗಳ ಬಿಸಿಯನ್ನು ಕಡಿತಗೊಳಿಸಿ, ದೂರದರ್ಶನವನ್ನು ವಾರದ ದಿನಗಳಲ್ಲಿ ಎರಡು ಗಂಟೆಗೆ ಇಳಿಸಿದ್ದ ಕಾಲವದು. ಅಂತಹ ದಿನಗಳಲ್ಲಿ ಕಪ್ ಹಿಡಿದು ಬಂದವರನ್ನು ಎದುರುಗೊಳ್ಳಲು ಜನ ನೆರೆದರು ಎಂದರೆ ಆ ಸಂತೋಷವನ್ನು ಚೌಸೆಸ್ಕುವಿನ ಖಾತೆಗೆ ಬರೆಯುವುದು ತಪ್ಪು.

ಆಟಗಾರರಿಗೂ ಆ ಆಡಳಿತದಿಂದ ಸುಖವೇನೂ ದೊರೆಯಲಿಲ್ಲ. ಬೆಲೊಡೆಡಿಚ್ 1988ರಲ್ಲಿ ದೇಶ ಬಿಟ್ಟು ಯುಗೊಸ್ಲಾವಿಯಾಕ್ಕೆ ಹೋದರು. 1991ರಲ್ಲಿ ರೆಡ್ ಸ್ಟಾರ್ ಬೆಲ್‌ಗ್ರೇಡ್ ಪರವಾಗಿ ಅದೇ ಕಪ್ಪನ್ನು ಮತ್ತೊಮ್ಮೆ ಗೆದ್ದು, ಎರಡು ಬೇರೆ ಕ್ಲಬ್ಬುಗಳ ಪರವಾಗಿ ಫೈನಲ್‌ನಲ್ಲಿ ಆಡಿ ಅದನ್ನು ಗೆದ್ದ ಮೊದಲ ಆಟಗಾರರಾದರು. ಡುಕಾಡಾಮ್ ಅವರ ಬಲಗೈಯ ರಕ್ತನಾಳದಲ್ಲಿ 1986ರ ಬೇಸಿಗೆಯಲ್ಲಿಯೇ ರಕ್ತ ಹೆಪ್ಪುಗಟ್ಟಿ, 27ನೇ ವಯಸ್ಸಿನಲ್ಲಿಯೇ ದೊಡ್ಡ ಆಟ ಮುಗಿಯಿತು. ಉಡುಗೊರೆಯಾಗಿ ಬಂದ ಕಾರಿಗಾಗಿ ಚೌಸೆಸ್ಕು ಕುಟುಂಬವೇ ಅವರ ಕೈ ಮುರಿಸಿತು ಎಂಬ ಗಾಳಿಮಾತು ಹಬ್ಬಿತು. ಅದು ಸುಳ್ಳು ಎಂದು ಸ್ವತಃ ಅವರೇ ಹೇಳಿದರೂ ಆ ಮಾತು ನಿಲ್ಲಲಿಲ್ಲ. ಮುಂದೆ ಅರಾದ್‌ನ ಚಿಕ್ಕ ತಂಡವೊಂದರಲ್ಲಿ ಕೆಲಕಾಲ ಆಡಿ, ಗಡಿ ಪೊಲೀಸ್ ಕೆಲಸ ಮಾಡಿ, 2024ರ ಡಿಸೆಂಬರ್ 2ರಂದು ತಮ್ಮ 65ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಬುಕಾರೆಸ್ಟ್‌ನಲ್ಲಿ ಸೇನೆಯ ಸ್ಟೆಯಾವಾ ಮತ್ತು ಸೇನೆಯಿಂದ ಬೇರ್ಪಟ್ಟ ಎಫ್‌ಸಿಎಸ್‌ಬಿ ಎಂಬ ಎರಡು ಕ್ಲಬ್ಬುಗಳು ಹಳೆಯ ದಾಖಲೆಗಳು ತಮ್ಮವೇ ಎಂದು ವರ್ಷಗಳಿಂದ ನ್ಯಾಯಾಲಯಗಳಲ್ಲಿ ಹೋರಾಡುತ್ತ ಬಂದಿವೆ. ಹೆಸರು, ಲಾಂಛನ, ಬಣ್ಣಗಳ ಒಡೆತನವನ್ನು ನ್ಯಾಯಾಧೀಶರು ತೀರ್ಮಾನಿಸಲಿ. ಆ ರಾತ್ರಿ ಸ್ಟೊಯ್ಕಾನ ಬದಲು ನಾಯಕನಾಗಿ ಕಪ್ ಎತ್ತಿದ್ದು ಶ್ಟೆಫಾನ್ ಯೊವಾನ್. ಸೆವಿಲ್ಲಾದ ಹುಲ್ಲಿನ ಮೇಲೆ ಆತನ ಸುತ್ತ ನಿಂತಿದ್ದವರ ಪಾಲನ್ನು ಎರಡು ಕ್ಲಬ್ಬುಗಳಲ್ಲಿ ಯಾವುದೂ ತನ್ನ ಹೆಸರಿಗೆ ಬರೆಸಿಕೊಳ್ಳಲಾಗದು.